ಲಿನಕ್ಸಿನಲ್ಲಿ ಗೇಮ್ ಓಡುತ್ತದಾ? ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದಿವೆ: ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂಗೆ ಹೋಗಬಹುದಾ? ಕಾರಣ ಗೊತ್ತಿರುವುದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಸಹಿ ಇಲ್ಲದ ಪ್ರೋಗ್ರಾಮುಗಳನ್ನು ಶುರುವಿನಲ್ಲೇ ತಡೆಯುವ ಸೆಕ್ಯೂರ್ ಬೂಟ್ ಬೇಕು, ಪ್ರೊಸೆಸರಿನ ಹೆಸರು ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇರಬೇಕು. ಗಟ್ಟಿಮುಟ್ಟಾಗಿ ಓಡುತ್ತಿರುವ ಕಂಪ್ಯೂಟರನ್ನು ಪಟ್ಟಿಯಲ್ಲಿ ಹೆಸರಿಲ್ಲ ಅಂತ ಮೂಲೆಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ?

ಮೊದಲೇ ಹೇಳಿಬಿಡುತ್ತೇನೆ. ನಾನು ಕೆಲಸಕ್ಕೂ ಆಟಕ್ಕೂ ಲಿನಕ್ಸನ್ನೇ ಬಳಸುವವಳು. ಹಾಗಂತ ಅದರ ಪ್ರಚಾರಕ್ಕೆ ನಿಂತವಳಲ್ಲ. ‘ಲಿನಕ್ಸ್ ಚೆನ್ನಾಗಿದೆಯಾ’ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಯಾವ ಗೇಮ್ ಆಡುತ್ತೀರಿ, ಯಾವ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುತ್ತೀರಿ, ಹೆಸರು ಹೇಳಿ. ಆಗ ಹೇಳಬಹುದು. ಕೆಳಗೆ ಇಬ್ಬರಿಗೆ ‘ಬೇಡ’ ಅಂತಲೇ ಬರೆದಿದ್ದೇನೆ.

ಪ್ರಶ್ನೆ: ನನ್ನದು ಐ5 ಏಳನೇ ಪೀಳಿಗೆಯ ಪ್ರೊಸೆಸರ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1060 ಕಾರ್ಡ್. ಸ್ಟೀಮಿನಲ್ಲಿ ದುಡ್ಡು ಕೊಟ್ಟು ಕೊಂಡ ಗೇಮ್‌ಗಳು ಬೇಕಾದಷ್ಟಿವೆ, ಎಲ್ಲವೂ ವಿಂಡೋಸ್‌ಗೆ ಮಾಡಿದ್ದು. ಲಿನಕ್ಸಿಗೆ ಹೋದರೆ ಅವನ್ನೆಲ್ಲ ಮರೆಯಬೇಕಾ?
— ಪಟ್ಟಿಯಲ್ಲಿ ಹೆಸರಿಲ್ಲದವನು

ಉತ್ತರ: ಮರೆಯಬೇಕಿಲ್ಲ. ಒಬ್ಬರೇ ಕೂತು ಆಡುವ ಗೇಮ್‌ಗಳಲ್ಲಿ ಬಹುಪಾಲು ಓಡುತ್ತವೆ. ನೀವು ಏನೂ ಮಾಡದೆಯೇ ಓಡುವಂಥವೇ ಜಾಸ್ತಿ.

ಇದು ಸುಮ್ನೆ ಆದದ್ದಲ್ಲ. ವಿಂಡೋಸ್ ಪ್ರೋಗ್ರಾಮನ್ನು ಲಿನಕ್ಸಿನಲ್ಲಿ ಓಡಿಸುವ ‘ವೈನ್’ ಯೋಜನೆ ಶುರುವಾದದ್ದು 1993ರಲ್ಲಿ. ಅಂದರೆ ಲಿನಸ್ ಟೊರ್ವಾಲ್ಡ್ಸ್ ತಮ್ಮ ಕರ್ನಲ್ (ಲಿನಕ್ಸಿನ ತಿರುಳು) ಬಗ್ಗೆ ಮೊದಲು ಹೇಳಿಕೊಂಡ ಎರಡೇ ವರ್ಷಕ್ಕೆ. ಆದರೆ ಬಹಳ ಕಾಲ ಅದರಲ್ಲಿ ಗೇಮ್ ಆಡುವುದು ಹಟಮಾರಿಗಳ ಹವ್ಯಾಸವಾಗಿತ್ತು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ 2013ರಲ್ಲಿ ಸ್ಟೀಮನ್ನು ಲಿನಕ್ಸಿಗೆ ತಂದಿತು. 2015ರಲ್ಲಿ ಲಿನಕ್ಸ್ ತುಂಬಿದ ‘ಸ್ಟೀಮ್ ಮಷೀನ್’ಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಅವು ಓಡಲಿಲ್ಲ. ಪ್ರತಿ ಗೇಮ್ ಕಂಪನಿಯೂ ಲಿನಕ್ಸಿಗೆ ಬೇರೆಯೇ ಆವೃತ್ತಿ ಮಾಡಿಕೊಡಲಿ ಎಂದು ಕಾದು ಕೂತರೆ ಆಗುವ ಕೆಲಸವಲ್ಲ ಅಂತ ಅರ್ಥವಾಯಿತು. 2018ರ ಆಗಸ್ಟಿನಲ್ಲಿ ವಾಲ್ವ್ ‘ಪ್ರೋಟಾನ್’ ಕೊಟ್ಟಿತು. ವೈನ್ ಮೇಲೆ ಇನ್ನಷ್ಟು ತುಣುಕುಗಳನ್ನು ಜೋಡಿಸಿ ಸ್ಟೀಮಿನ ಒಳಗೇ ಇಟ್ಟ ಪದರ ಅದು. 2022ರ ಫೆಬ್ರವರಿಯಲ್ಲಿ ಬಂದ ಕೈಗೇಮ್ ಯಂತ್ರ ‘ಸ್ಟೀಮ್ ಡೆಕ್’ ಓಡುವುದೂ ಲಿನಕ್ಸಿನ ಮೇಲೆಯೇ. ಅದು ಮಾರಾಟವಾಗಬೇಕಾದರೆ ಪ್ರೋಟಾನ್ ಚೆನ್ನಾಗಿರಲೇಬೇಕು. ಹಾಗಾಗಿ ದುಡ್ಡೂ ಜನವೂ ಆ ಕಡೆ ಹರಿದವು. ಅದರ ಲಾಭ ನಿಮ್ಮ ಹಳೇ ಡೆಸ್ಕ್‌ಟಾಪಿಗೂ ಸಿಕ್ಕಿದೆ.

ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಮುಂದೆ ತೊಂದರೆ ಬಂದಾಗ ತಲೆ ಕೆಡುವುದಿಲ್ಲ. ಪ್ರೊಸೆಸರ್ ಅದೇ. ಗೇಮಿನ ಲೆಕ್ಕಾಚಾರವೆಲ್ಲ ನೇರವಾಗಿ ಅದರ ಮೇಲೇ ನಡೆಯುತ್ತದೆ. ಗೇಮ್ ವಿಂಡೋಸನ್ನು ಕೇಳುವ ಮಾತುಗಳನ್ನು ಮಾತ್ರ ಮಧ್ಯದಲ್ಲೊಬ್ಬ ದುಭಾಷಿ ಹಿಡಿದು ಲಿನಕ್ಸಿಗೆ ಹೇಳುತ್ತಾನೆ. ಚಿತ್ರ ಬಿಡಿಸುವ ಕೆಲಸಕ್ಕೆ ಗೇಮ್ ವಿಂಡೋಸಿನ ಡೈರೆಕ್ಟ್‌ಎಕ್ಸ್‌ನ ಭಾಗವಾದ ಡೈರೆಕ್ಟ್‌ತ್ರೀಡಿಯನ್ನು ಕರೆಯುತ್ತದೆ. ಅದನ್ನು ‘ಡಿಎಕ್ಸ್‌ವಿಕೆ’ ಎಂಬ ತುಣುಕು ಲಿನಕ್ಸಿನಲ್ಲೂ ಇರುವ ಅಂಥದ್ದೇ ವ್ಯವಸ್ಥೆ ವಲ್ಕನ್‌ಗೆ ತಿರುಗಿಸುತ್ತದೆ. ಈ ಡಿಎಕ್ಸ್‌ವಿಕೆ ಹುಟ್ಟಿದ್ದು ಫಿಲಿಪ್ ರೆಬೋಲೆ ಎಂಬ ಡೆವಲಪರಿಗೆ ‘ನಿಯರ್: ಆಟೋಮೇಟಾ’ ಗೇಮನ್ನು ಲಿನಕ್ಸಿನಲ್ಲೇ ಆಡಬೇಕು ಅನ್ನಿಸಿದ್ದಕ್ಕೆ. ಒಬ್ಬನ ಗೇಮ್ ಹುಚ್ಚಿನಿಂದ ಎಲ್ಲರಿಗೂ ಉಪಕಾರವಾಯಿತು. ನನಗೆ ಇಂಥ ಹುಚ್ಚರ ಮೇಲೆ ತುಂಬಾ ಗೌರವ.

ಇನ್ನು ನಿಮ್ಮ ಕಾರ್ಡಿನ ವಿಷಯ. 1060 ಎನ್‌ವಿಡಿಯಾದ ಪ್ಯಾಸ್ಕಲ್ ಪೀಳಿಗೆಯದು. ಆ ಪೀಳಿಗೆಗೆ 580 ಸರಣಿಯ ಡ್ರೈವರೇ ಕೊನೆ. ಹಾಗಾಗಿ ದಿನ ಬೆಳಗಾದರೆ ಹೊಸ ಡ್ರೈವರ್ ತಳ್ಳುವ ಡಿಸ್ಟ್ರೋಗಳ (ಲಿನಕ್ಸಿನ ಬೇರೆ ಬೇರೆ ಅವತಾರಗಳು) ಸಹವಾಸ ನಿಮಗೆ ಬೇಡ. ಲಿನಕ್ಸ್ ಮಿಂಟ್ ಹಾಕಿ, ಅದರ ಡ್ರೈವರ್ ಮ್ಯಾನೇಜರಿನಲ್ಲಿ ಶಿಫಾರಸು ಮಾಡಿದ ಡ್ರೈವರ್ ಆರಿಸಿ, ಅಲ್ಲಿಗೆ ಬಿಡಿ. ಡೈರೆಕ್ಟ್‌ಎಕ್ಸ್ 11ರ ಗೇಮ್‌ಗಳು ಆರಾಮಾಗಿ ಓಡುತ್ತವೆ. ಡೈರೆಕ್ಟ್‌ಎಕ್ಸ್ 12 ಮಾತ್ರವೇ ಇರುವ ಗೇಮ್‌ಗಳಲ್ಲಿ ಎನ್‌ವಿಡಿಯಾ ಕಾರ್ಡುಗಳು ಲಿನಕ್ಸಿನಲ್ಲಿ ಸ್ವಲ್ಪ ಹಿಂದೆ ಬೀಳುತ್ತವೆ, ನಿಮ್ಮ ಪೀಳಿಗೆಯವು ಇನ್ನೂ ಜಾಸ್ತಿ. ಸೆಟ್ಟಿಂಗಿನಲ್ಲಿ 11 ಆರಿಸುವ ಅವಕಾಶವಿದ್ದರೆ ಅದನ್ನೇ ಆರಿಸಿ.

ಹೋಗುವ ಮುಂಚೆ ಒಂದು ಸಂಜೆ ಕೂತು ನಿಮ್ಮ ಗೇಮ್‌ಗಳ ಹೆಸರನ್ನು ‘ಪ್ರೋಟಾನ್‌ಡಿಬಿ’ಯಲ್ಲಿ ಹುಡುಕಿ. ಆಡಿದವರೇ ಬರೆದ ವರದಿಗಳು ಅಲ್ಲಿವೆ. ಮೇಲೆ ಕಾಣುವ ಪ್ಲಾಟಿನಂ, ಗೋಲ್ಡ್ ಪದಕ ನೋಡಿ ಹಿಗ್ಗಬೇಡಿ, ಕುಗ್ಗಲೂ ಬೇಡಿ. ಇತ್ತೀಚಿನ ವರದಿಗಳಲ್ಲಿ ನಿಮ್ಮಂಥದ್ದೇ ಕಾರ್ಡ್ ಇರುವವರು ಏನು ಬರೆದಿದ್ದಾರೆ ಅನ್ನುವುದಷ್ಟೇ ಮುಖ್ಯ.

ಪ್ರಶ್ನೆ: ಮಗನಿಗೆ 14. ಕಂಪ್ಯೂಟರಿಗೆ ಲಿನಕ್ಸ್ ಹಾಕಿಸೋಣ ಅಂದರೆ ಮನೆಯಲ್ಲಿ ಯುದ್ಧ. ಅವನಿಗೆ ವ್ಯಾಲರಂಟ್ ಮತ್ತು ಫೋರ್ಟ್‌ನೈಟ್ ಬೇಕೇ ಬೇಕಂತೆ. ವರ್ಚುವಲ್ ಮಷೀನಿನಲ್ಲಿ ಓಡಿಸಬಹುದು ಅಂತ ಅವನ ಗೆಳೆಯ ಹೇಳಿದ್ದಾನೆ. ನಿಜವೇ?
— ಸೋತ ಅಪ್ಪ

ಉತ್ತರ: ನಿಜವಲ್ಲ. ಮಗನ ಪರವಾಗಿ ತೀರ್ಪು ಕೊಡಬೇಕಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಆ ಎರಡು ಗೇಮ್ ಬೇಕೇ ಬೇಕು ಅಂದರೆ ಲಿನಕ್ಸ್ ಬೇಡ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಆನ್‌ಲೈನ್ ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯಲು ಕಂಪನಿಗಳು ಆ್ಯಂಟಿ ಚೀಟ್ ಎಂಬ ಕಾವಲು ಪ್ರೋಗ್ರಾಮ್ ಇಡುತ್ತವೆ. ವ್ಯಾಲರಂಟ್ ಜೊತೆ ಬರುವ ‘ವ್ಯಾನ್‌ಗಾರ್ಡ್’ ವಿಂಡೋಸಿನ ಕರ್ನಲ್ ಮಟ್ಟದಲ್ಲೇ ಕೂರುತ್ತದೆ. ಕಂಪ್ಯೂಟರ್ ಆನ್ ಆಗುವಾಗಲೇ ಅದೂ ಏಳುತ್ತದೆ. ಪ್ರೋಟಾನ್ ಗೇಮಿಗೆ ವಿಂಡೋಸ್ ಇದ್ದಂತೆ ತೋರಿಸಬಲ್ಲದು, ಆದರೆ ಅದರ ಕೆಳಗೆ ವಿಂಡೋಸ್ ಕರ್ನಲ್ ಎಂಬುದೇ ಇಲ್ಲವಲ್ಲ. ವ್ಯಾನ್‌ಗಾರ್ಡ್ ಕೂರಲು ಜಾಗವೇ ಇಲ್ಲ. ವರ್ಚುವಲ್ ಮಷೀನನ್ನೂ, ಅಂದರೆ ಲಿನಕ್ಸಿನ ಒಳಗೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ನಕಲಿ ಕಂಪ್ಯೂಟರನ್ನೂ, ಅದು ಪತ್ತೆ ಹಚ್ಚಿ ನಿಲ್ಲಿಸುತ್ತದೆ. ಕಣ್ಣು ತಪ್ಪಿಸುವ ಕಸರತ್ತು ಮಾಡಿದರೆ ಮಗನ ಖಾತೆ ಬ್ಯಾನ್ ಆಗಬಹುದು. ಅವನು ಕೂಡಿಟ್ಟ ಸ್ಕಿನ್‌ಗಳೆಲ್ಲ ಅದರ ಜೊತೆ ಹೋದರೆ ಮನೆಯಲ್ಲಿ ನಡೆಯುವ ಯುದ್ಧವೇ ಬೇರೆ.

ಫೋರ್ಟ್‌ನೈಟ್ ಕತೆ ಇನ್ನೂ ಮಜವಾಗಿದೆ. ‘ಈಸಿ ಆ್ಯಂಟಿ ಚೀಟ್’ ಎಂಬ ಕಾವಲು ಎಪಿಕ್ ಕಂಪನಿಯದೇ. 2021ರಲ್ಲಿ ಅದನ್ನು ಪ್ರೋಟಾನ್‌ನಲ್ಲಿ ಓಡುವಂತೆ ಮಾಡಿದ್ದೂ ಅವರೇ. ಅದೇ ವರ್ಷ ಬ್ಯಾಟಲ್‌ಐ ಎಂಬ ಇನ್ನೊಂದು ಕಾವಲು ಕೂಡ ಒಪ್ಪಿತು. ಆದರೆ ಅದನ್ನು ಆನ್ ಮಾಡುವುದು ಬಿಡುವುದು ಪ್ರತಿ ಗೇಮಿನ ಮಾಲೀಕರ ಇಷ್ಟ. ಎಪಿಕ್ ತನ್ನದೇ ಫೋರ್ಟ್‌ನೈಟಿಗೆ ಆನ್ ಮಾಡಲಿಲ್ಲ. ಅತ್ತ ಇದೇ ಕಾವಲು ಇರುವ ‘ಎಲ್ಡನ್ ರಿಂಗ್’ ಲಿನಕ್ಸಿನಲ್ಲಿ ಆನ್‌ಲೈನ್ ಸಮೇತ ಓಡುತ್ತದೆ. ಹಾಗಾಗಿ ‘ಲಿನಕ್ಸಿನಲ್ಲಿ ಆ್ಯಂಟಿ ಚೀಟ್ ಓಡುವುದಿಲ್ಲ’ ಅನ್ನುವ ಮಾತು ಪೂರ್ತಿ ಸರಿಯಲ್ಲ. ಎಷ್ಟೋ ಕಡೆ ಅದು ಕಂಪನಿಯ ತೀರ್ಮಾನ. ನಾವು ನೀವು ರಾತ್ರಿಯಿಡೀ ಕೂತು ಸರಿಮಾಡುವ ಕೆಲಸವಲ್ಲ.

ಇನ್ನೊಂದು ಅಪಾಯ ಗಮನಿಸಿ. ಇವತ್ತು ಓಡುತ್ತಿರುವುದು ನಾಳೆ ನಿಲ್ಲಬಹುದು. ‘ಏಪೆಕ್ಸ್ ಲೆಜೆಂಡ್ಸ್’ ಲಿನಕ್ಸಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಮೋಸಗಾರರು ಲಿನಕ್ಸ್ ಹಾದಿ ಹಿಡಿಯುತ್ತಿದ್ದಾರೆ ಎಂಬ ಕಾರಣ ಕೊಟ್ಟು 2024ರ ಅಕ್ಟೋಬರ್ ಕೊನೆಗೆ ಬಾಗಿಲು ಹಾಕಿದರು. ಅದೇ ವರ್ಷ ಲೀಗ್ ಆಫ್ ಲೆಜೆಂಡ್ಸ್‌ಗೂ ವ್ಯಾನ್‌ಗಾರ್ಡ್ ಬಂತು, ಲಿನಕ್ಸಿನವರು ಹೊರಗುಳಿದರು. ಜಿಟಿಎ 5ರ ಆನ್‌ಲೈನ್ ಭಾಗಕ್ಕೆ ಬ್ಯಾಟಲ್‌ಐ ಸೇರಿದ್ದೂ ಆಗಲೇ, ಲಿನಕ್ಸಿಗೆ ಮಾತ್ರ ಅದನ್ನು ಆನ್ ಮಾಡಲಿಲ್ಲ. ಅದರ ಕತೆಯ ಭಾಗ ಮಾತ್ರ ಇಂದಿಗೂ ಆಡಬಹುದು. ವರ್ಷಗಟ್ಟಲೆ ಆಡಿದ್ದನ್ನು ಒಂದು ಅಪ್‌ಡೇಟ್ ಕಿತ್ತುಕೊಂಡರೆ ಸಿಟ್ಟು ಬರುವುದು ಸಹಜ. ಆ ಸಿಟ್ಟನ್ನು ಡಿಸ್ಟ್ರೋ ಮೇಲೆ ತೀರಿಸಿಕೊಂಡು ಪ್ರಯೋಜನವಿಲ್ಲ.

ಮಗನ ಹತ್ತಿರ ಇನ್ನೂ ಮಾತಾಡಬೇಕೆಂದಿದ್ದರೆ ಕೌಂಟರ್ ಸ್ಟ್ರೈಕ್ 2 ಮತ್ತು ಡೋಟಾ 2ರ ಹೆಸರು ಹೇಳಿ ನೋಡಿ. ಎರಡೂ ವಾಲ್ವ್‌ದೇ, ಎರಡಕ್ಕೂ ಲಿನಕ್ಸ್ ಆವೃತ್ತಿಯೇ ಇದೆ. ಒಪ್ಪುತ್ತಾನೆ ಅಂತ ನಾನು ಭರವಸೆ ಕೊಡಲಾರೆ. ಗೆಳೆಯರೆಲ್ಲ ಎಲ್ಲಿ ಆಡುತ್ತಾರೋ ಅಲ್ಲೇ ಆಡಬೇಕು ಅವನಿಗೆ, ಅಲ್ವಾ?

ಪ್ರಶ್ನೆ: ಯಾವ ಡಿಸ್ಟ್ರೋ? ಹತ್ತು ಜನ ಹತ್ತು ಹೆಸರು ಹೇಳುತ್ತಾರೆ.
— ಗೊಂದಲದಲ್ಲಿರುವವಳು

ಉತ್ತರ: ನಾನು ಮೂರೇ ಹೇಳುತ್ತೇನೆ. ಕಂಪ್ಯೂಟರ್ ತನ್ನ ಪಾಡಿಗೆ ತಾನಿರಲಿ, ಮುಖ್ಯವಾಗಿ ಬ್ರೌಸರ್, ಕಾಗದಪತ್ರ, ನಡುವೆ ಗೇಮ್ ಅನ್ನುವವರಿಗೆ ಮಿಂಟ್. ಮಿಂಟ್ 22 ಸರಣಿಗೆ 2029ರ ತನಕ ಅಪ್‌ಡೇಟ್ ಇದೆ. ಟಿವಿ ಮುಂದೆ ಇಟ್ಟು ಗೇಮ್ ಕನ್ಸೋಲ್ ಥರ ಬಳಸುವವರಿಗೆ ಬ್ಯಾಜೈಟ್. ಅದರಲ್ಲಿ ಸಿಸ್ಟಂ ಫೈಲುಗಳನ್ನು ಮುಟ್ಟಲು ಆಗುವುದಿಲ್ಲ, ಅಪ್‌ಡೇಟ್ ಇಡಿಯಾಗಿ ಬರುತ್ತದೆ, ಕೆಟ್ಟರೆ ಬೂಟ್ ಮೆನುವಿನಿಂದ ಹಿಂದಿನದಕ್ಕೆ ಮರಳಬಹುದು. ಎನ್‌ವಿಡಿಯಾ ಕಾರ್ಡಿಗೆ ಬೇರೆ ಡೌನ್‌ಲೋಡ್ ಇದೆ, ನೋಡಿ ಇಳಿಸಿಕೊಳ್ಳಿ. ಮೊನ್ನೆ ಮೊನ್ನೆ ಬಂದ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದವರಿಗೆ ಫೆಡೋರಾ; ಹೊಸ ಕಾರ್ಡಿಗೆ ಹೊಸ ಕರ್ನಲ್ಲೂ ಮೆಸಾ ಎಂಬ ಗ್ರಾಫಿಕ್ಸ್ ಡ್ರೈವರಿನ ಹೊಸ ಆವೃತ್ತಿಯೂ ಬೇಕು, ಅವು ಅಲ್ಲಿ ಬೇಗ ಬರುತ್ತವೆ.

‘ಗೇಮಿಂಗ್ ಡಿಸ್ಟ್ರೋ’ ಹಾಕಿದರೆ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಗಗನಕ್ಕೆ ಏರುತ್ತದೆ ಅನ್ನುವುದನ್ನು ನಂಬಬೇಡಿ. ಒಳಗಿರುವ ಪ್ರೋಟಾನ್ ಎಲ್ಲ ಕಡೆಯೂ ಒಂದೇ. ವಾರಕ್ಕೊಂದು ಡಿಸ್ಟ್ರೋ ಬದಲಿಸುತ್ತಾ ಕೂರುವುದೂ ಒಂದು ಆಟವೇ, ಆದರೆ ನೀವು ಕೇಳಿದ್ದು ಬೇರೆ ಆಟದ ಬಗ್ಗೆ.

ಪ್ರಶ್ನೆ: ವಿಂಡೋಸೂ ಇದೆ, ಪಕ್ಕದಲ್ಲಿ ಮಿಂಟೂ ಹಾಕಿದೆ. ಗೇಮ್‌ಗಳೆಲ್ಲ ಡಿ ಡ್ರೈವಿನಲ್ಲಿವೆ. ಲಿನಕ್ಸಿನ ಸ್ಟೀಮಿಗೆ ಅದೇ ಫೋಲ್ಡರ್ ತೋರಿಸಿದೆ. ‘ಪ್ಲೇ’ ಒತ್ತಿದರೆ ಒಂದು ಕ್ಷಣ ‘ಸ್ಟಾಪ್’ ಅಂತ ತೋರಿಸಿ ಮತ್ತೆ ‘ಪ್ಲೇ’ಗೆ ಬರುತ್ತದೆ. ಜೊತೆಗೆ ವಿಂಡೋಸಿಗೆ ಹೋದಾಗಲೆಲ್ಲ ಗಡಿಯಾರ ತಪ್ಪು ತೋರಿಸುತ್ತದೆ. ಹಾರ್ಡ್‌ಡಿಸ್ಕ್ ಹಾಳಾಗುತ್ತಿದೆಯಾ?
— ಎರಡು ದೋಣಿಯವನು

ಉತ್ತರ: ಡಿಸ್ಕಿಗೆ ಏನೂ ಆಗಿರಲಿಕ್ಕಿಲ್ಲ. ಎರಡೂ ಬೇರೆ ಬೇರೆ ತೊಂದರೆ, ಎರಡೂ ಮಾಮೂಲಿ.

ಮೊದಲು ಗೇಮ್. ನಿಮ್ಮ ಡಿ ಡ್ರೈವ್ ಎನ್‌ಟಿಎಫ್‌ಎಸ್, ಅಂದರೆ ವಿಂಡೋಸಿನ ಫೈಲ್ ವ್ಯವಸ್ಥೆ. ಪ್ರೋಟಾನ್ ಪ್ರತಿ ಗೇಮಿಗೂ ಒಂದೊಂದು ನಕಲಿ ಸಿ ಡ್ರೈವ್ ಕಟ್ಟುತ್ತದೆ. ಅದು ಸ್ಟೀಮ್ ಫೋಲ್ಡರಿನ ಒಳಗೆ ‘ಕಂಪ್ಯಾಟ್‌ಡೇಟಾ’ ಎಂಬ ಹೆಸರಿನಲ್ಲಿ ಇರುತ್ತದೆ. ಆ ನಕಲಿ ಡ್ರೈವಿಗೆ ಹೆಸರಿಡುವಾಗ ಕೋಲನ್ ಚಿಹ್ನೆ ಇರುವ ಕೊಂಡಿಗಳನ್ನು ಮಾಡುತ್ತದೆ. ಫೈಲ್ ಹೆಸರಿನಲ್ಲಿ ಕೋಲನ್ ಇರುವುದು ವಿಂಡೋಸಿಗೆ ಆಗಿಬರುವುದಿಲ್ಲ. ಗೇಮ್ ಏಳದೆ ಇರುವುದು ಒಂದು, ಮುಂದೆ ವಿಂಡೋಸ್ ಅದನ್ನು ಕಂಡು ‘ಡ್ರೈವಿನಲ್ಲಿ ದೋಷವಿದೆ’ ಎಂದು ತಿದ್ದಲು ಹೊರಡುವುದು ಇನ್ನೊಂದು. ಇದಕ್ಕೆ ಅಡ್ಡದಾರಿಗಳಿವೆ. ನಾನು ಯಾರಿಗೂ ಹೇಳಿಕೊಡುವುದಿಲ್ಲ. ಗೇಮ್‌ಗಳಿಗೆ ಅಂತ ಒಂದು ಎಕ್ಸ್‌ಟಿ4 (ಲಿನಕ್ಸಿನ ಫೈಲ್ ವ್ಯವಸ್ಥೆ) ಪಾರ್ಟಿಷನ್ ಮಾಡಿ. ಸ್ಟೀಮಿನ ಸ್ಟೋರೇಜ್ ಸೆಟ್ಟಿಂಗಿನಲ್ಲಿ ಅದನ್ನು ಸೇರಿಸಿ. ಎಲ್ಲವನ್ನೂ ಮತ್ತೆ ಡೌನ್‌ಲೋಡ್ ಮಾಡಬೇಕಿಲ್ಲ. ‘ಸ್ಟೀಮ್‌ಆ್ಯಪ್ಸ್’ ಒಳಗಿನ ‘ಕಾಮನ್’ ಫೋಲ್ಡರಿನಿಂದ ಗೇಮಿನ ಫೋಲ್ಡರನ್ನು ಹೊಸ ಜಾಗದ ‘ಕಾಮನ್’ಗೆ ಕಾಪಿ ಮಾಡಿ, ಆಮೇಲೆ ಸ್ಟೀಮಿನಲ್ಲಿ ಇನ್‌ಸ್ಟಾಲ್ ಒತ್ತಿ. ಇರುವ ಫೈಲುಗಳನ್ನು ಪರೀಕ್ಷಿಸಿ, ಕಡಿಮೆ ಬಿದ್ದದ್ದನ್ನಷ್ಟೇ ಇಳಿಸಿಕೊಳ್ಳುತ್ತದೆ.

ಸೇವ್ ಫೈಲ್ ಬಗ್ಗೆ ನೀವು ಕೇಳಿಲ್ಲ, ಆದರೆ ಆಮೇಲೆ ಅಳುವುದು ಅದಕ್ಕೇ. ಸ್ಟೀಮ್ ಕ್ಲೌಡ್ ಇರುವ ಗೇಮ್‌ಗಳಲ್ಲಿ ಸೇವ್ ತಾನಾಗಿಯೇ ಬರುತ್ತದೆ. ಇಲ್ಲದ ಗೇಮ್‌ಗಳದ್ದನ್ನು ವಿಂಡೋಸಿನಿಂದ ನೀವೇ ತಂದು, ಅದೇ ಕಂಪ್ಯಾಟ್‌ಡೇಟಾ ಒಳಗಿನ ನಕಲಿ ಸಿ ಡ್ರೈವಿನಲ್ಲಿ ‘ಸ್ಟೀಮ್‌ಯೂಸರ್’ ಎಂಬ ಹೆಸರಿನ ಫೋಲ್ಡರಿನಲ್ಲಿ ಹಾಕಬೇಕು. ಕಂಪ್ಯಾಟ್‌ಡೇಟಾ ‘ಕಸ’ ಅಂತ ಅಳಿಸಿಬಿಟ್ಟರೆ ಸೇವ್ ಕೂಡ ಹೋಗುತ್ತದೆ.

ಈಗ ಗಡಿಯಾರ. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಇಡುತ್ತದೆ. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ತಪ್ಪು ಓದುತ್ತಾರೆ. ಯುಟಿಸಿಗೂ ನಿಮ್ಮ ಸಮಯಕ್ಕೂ ಎಷ್ಟು ಅಂತರವೋ ಗಡಿಯಾರ ಸರಿಯಾಗಿ ಅಷ್ಟೇ ತಪ್ಪಿರುತ್ತದೆ, ಬೇಕಾದರೆ ಲೆಕ್ಕ ಹಾಕಿ ನೋಡಿ. ‘ನೀನೂ ಸ್ಥಳೀಯ ಸಮಯವನ್ನೇ ಇಡು’ ಎಂದು ಲಿನಕ್ಸಿಗೆ ಟೈಮ್‌ಡೇಟ್‌ಸಿಟಿಎಲ್ ಎಂಬ ಕಮಾಂಡ್ ಮೂಲಕ ಒಂದು ಸಾಲಿನಲ್ಲಿ ಹೇಳಿದರೆ ಮುಗಿಯಿತು.

ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಡ್ರೈವನ್ನು ಹಿಡಿದಿಟ್ಟುಕೊಂಡಿರುತ್ತದೆ. ಇನ್ನು ಡ್ಯುಯಲ್ ಬೂಟ್ (ಒಂದೇ ಕಂಪ್ಯೂಟರಿನಲ್ಲಿ ಎರಡೂ ಸಿಸ್ಟಂ) ಮಾಡಲು ಹೊರಟಿರುವ ಉಳಿದವರಿಗೆ: ಪಾರ್ಟಿಷನ್ ಮುಟ್ಟುವ ಮೊದಲು ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದೇ ಕಂಪ್ಯೂಟರಿನ ಒಳಗಲ್ಲ, ಕಾಗದದ ಮೇಲೆ.

ಪ್ರಶ್ನೆ: ಗೇಮ್ ಚೆನ್ನಾಗಿ ಓಡುತ್ತದೆ. ನಡುವೆ ಕತೆಯ ವಿಡಿಯೋ ಬರಬೇಕಾದ ಕಡೆ ಮಾತ್ರ ಹಳೇ ಟಿವಿಯಲ್ಲಿ ಬರುತ್ತಿದ್ದ ಬಣ್ಣದ ಪಟ್ಟಿ ಕಾಣುತ್ತದೆ. ಕಾರ್ಡ್ ಸುಟ್ಟಿತಾ?
— ಭಯಬಿದ್ದವನು

ಉತ್ತರ: ಕಾರ್ಡ್ ಸರಿಯಾಗಿದೆ. ಆ ವಿಡಿಯೋ ಯಾವುದೋ ಪೇಟೆಂಟ್ ಇರುವ ಕೋಡೆಕ್‌ನಲ್ಲಿ (ವಿಡಿಯೋ ಅಡಕ ಮಾಡುವ ವಿಧಾನ) ಇದೆ. ವಾಲ್ವ್ ಅದನ್ನು ಪ್ರೋಟಾನ್ ಜೊತೆ ಹಂಚುವ ಹಾಗಿಲ್ಲ, ಹಾಗಾಗಿ ಅದರ ಜಾಗದಲ್ಲಿ ಬಣ್ಣದ ಪಟ್ಟಿ ತೋರಿಸುತ್ತದೆ. ‘ಪ್ರೋಟಾನ್‌ಅಪ್ ಕ್ಯುಟಿ’ ಎಂಬ ಪುಟ್ಟ ಆ್ಯಪ್ ಹಾಕಿಕೊಂಡು ಅದರಿಂದ ವಾಲ್ವ್‌ನದ್ದಲ್ಲದ ಪ್ರೋಟಾನ್ ಆವೃತ್ತಿ ‘ಜಿಇ ಪ್ರೋಟಾನ್’ ಇಳಿಸಿ. ಸ್ಟೀಮ್ ಮುಚ್ಚಿ ತೆರೆಯಿರಿ. ಆ ಗೇಮಿನ ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿಯಲ್ಲಿ ಅದನ್ನು ಆರಿಸಿ. ಆ ಒಂದು ಗೇಮಿಗೆ ಮಾತ್ರ ಸಾಕು. ಎಲ್ಲದಕ್ಕೂ ಹಾಕಲು ಹೋಗಬೇಡಿ.

ಪ್ರಶ್ನೆ: ದಿನವಿಡೀ ಎಕ್ಸೆಲ್‌ನಲ್ಲಿ ಮ್ಯಾಕ್ರೋ, ಸಂಜೆ ಫೋಟೋಶಾಪ್. ಗೇಮ್ ಆಡುವುದಿಲ್ಲ. ಲಿನಕ್ಸ್ ನನಗೆ ಆಗುತ್ತದಾ?
— ಕೆಲಸದವಳು

ಉತ್ತರ: ಆಗುವುದಿಲ್ಲ. ಲಿಬ್ರೆಆಫೀಸ್ ಸಾಮಾನ್ಯ ಶೀಟುಗಳನ್ನು ಚೆನ್ನಾಗಿ ತೆರೆಯುತ್ತದೆ. ಆದರೆ ಎಕ್ಸೆಲ್‌ಗೆಂದು ಬರೆದ ಉದ್ದುದ್ದ ಮ್ಯಾಕ್ರೋಗಳು ಅಲ್ಲಿ ಹಾಗೇ ಓಡುತ್ತವೆ ಅಂತ ನಂಬಿ ಸಂಬಳದ ಕೆಲಸ ಮಾಡಲಾಗದು. ಫೋಟೋಶಾಪ್‌ಗೆ ಲಿನಕ್ಸ್ ಆವೃತ್ತಿ ಇಲ್ಲ. ಅದರಂಥದ್ದೇ ಉಚಿತ ಸಾಫ್ಟ್‌ವೇರ್ ಗಿಂಪ್‌ನ 3.0 ಆವೃತ್ತಿ 2025ರಲ್ಲಿ ಬಂತು, ಹಿಂದಿಗಿಂತ ತುಂಬಾ ಸುಧಾರಿಸಿದೆ. ಹೊಸದಾಗಿ ಕಲಿಯುವವರಿಗೆ ಅದನ್ನೇ ಹೇಳುತ್ತೇನೆ. ಬೆರಳಿಗೆ ಫೋಟೋಶಾಪ್ ಅಭ್ಯಾಸವಾಗಿ ಅದರಿಂದಲೇ ಊಟ ಮಾಡುವವರಿಗೆ ಹೇಳುವುದಿಲ್ಲ. ವಿಚಿತ್ರ ನೋಡಿ: ಇವತ್ತು ಲಿನಕ್ಸಿಗೆ ಬರುವುದು ಗೇಮ್ ಆಡುವವರಿಗಿಂತ ಆಫೀಸಿನವರಿಗೇ ಕಷ್ಟ.

ಪ್ರಶ್ನೆ: ಟರ್ಮಿನಲ್ ಕಲಿಯಲೇಬೇಕಾ? ಕಪ್ಪು ಪರದೆ ಕಂಡರೆ ನನಗಾಗದು.
— ಮೌಸ್ ಪ್ರಿಯ

ಉತ್ತರ: ಕಲಿಯಬೇಕಿಲ್ಲ. ಆದರೆ ಯಾವಾಗಲೋ ಒಮ್ಮೆ ಯಾರೋ ಬರೆದ ಸಾಲನ್ನು ಅಲ್ಲಿ ಹಾಕಬೇಕಾಗುತ್ತದೆ. ಆಗ ಅದು ಏನು ಹೇಳುತ್ತದೆ ಅಂತ ಓದಿ. 2021ರಲ್ಲಿ ಹೆಸರಾಂತ ಯೂಟ್ಯೂಬರ್ ಒಬ್ಬರು ಪಾಪ್ ಓಎಸ್ ಎಂಬ ಡಿಸ್ಟ್ರೋ ಹಾಕಿ ಸ್ಟೀಮ್ ಇನ್‌ಸ್ಟಾಲ್ ಮಾಡಲು ಹೋದರು. ಆ ಹೊತ್ತಿಗೆ ಅದರ ಪ್ಯಾಕೇಜಿನಲ್ಲಿ ತಪ್ಪಿತ್ತು. ‘ಇದನ್ನು ಮಾಡಿದರೆ ಅಗತ್ಯವಾದ ಪ್ಯಾಕೇಜುಗಳು ಹೋಗುತ್ತವೆ, ಮುಂದುವರಿಯಬೇಕಾದರೆ ನಾನು ಹೇಳಿದಂತೆ ಮಾಡು ಎಂದು ಟೈಪ್ ಮಾಡಿ’ ಎಂದಿತು ಟರ್ಮಿನಲ್. ಅವರು ಟೈಪ್ ಮಾಡಿದರು. ಇಡೀ ಡೆಸ್ಕ್‌ಟಾಪೇ ಹೋಯಿತು. ತಪ್ಪು ಪ್ಯಾಕೇಜಿನದೇ, ಒಪ್ಪುತ್ತೇನೆ. ಆದರೂ ಅಷ್ಟು ಸ್ಪಷ್ಟವಾಗಿ ಎಚ್ಚರಿಸುವ ಪ್ರೋಗ್ರಾಮ್ ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ? ಮಿಂಟ್‌ನಲ್ಲಿ ‘ಟೈಮ್‌ಶಿಫ್ಟ್’ ಇದೆ. ಮೊದಲ ದಿನವೇ ಆನ್ ಮಾಡಿಡಿ. ಸಿಸ್ಟಂ ಫೈಲುಗಳಿಗೆ ಇಂಥ ಅವಾಂತರ ಆದರೆ ನಿನ್ನೆಯ ಸ್ಥಿತಿಗೆ ಮರಳಬಹುದು.

ಪ್ರಶ್ನೆ: ಎನ್‌ವಿಡಿಯಾ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆಯಲ್ಲಿ ಏನೋ ಮೆನು ಬಂತು. ಗಾಬರಿಯಾಗಿ ‘ಕಂಟಿನ್ಯೂ’ ಒತ್ತಿದೆ. ಈಗ ಗೇಮ್ ಬಿಡಿ, ಪರದೆಯೇ ದಪ್ಪ ದಪ್ಪ ಅಕ್ಷರದಲ್ಲಿ ಕಾಣುತ್ತಿದೆ.
— ನೀಲಿ ಪರದೆ

ಉತ್ತರ: ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಡ್ರೈವರ್ ಹಾಕುವಾಗ ನಿಮ್ಮ ಕಂಪ್ಯೂಟರೇ ಒಂದು ಕೀ ತಯಾರಿಸಿ ಸಹಿ ಹಾಕಿತ್ತು, ನಿಮ್ಮಿಂದ ಒಂದು ಪಾಸ್‌ವರ್ಡೂ ಕೇಳಿತ್ತು. ಆ ನೀಲಿ ಮೆನುವಿನಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕಿತ್ತು. ಆ ಮೆನು ಒಂದೇ ಸಲ ಬರುತ್ತದೆ. ಡ್ರೈವರ್ ತೆಗೆದು ಮತ್ತೆ ಹಾಕಿ, ಮತ್ತೆ ಬರುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಸರಿಹೋಗುತ್ತದೆ, ಆದರೆ ಪಕ್ಕದಲ್ಲಿ ವಿಂಡೋಸ್ ಇಟ್ಟುಕೊಂಡು ಬ್ಯಾಟಲ್‌ಫೀಲ್ಡ್ 6 ಆಡುವವರಿಗೆ ಅದು ಆನ್ ಇರಲೇಬೇಕು.

ಎಎಂಡಿ ಕಾರ್ಡಿನವರಿಗೆ ಈ ರಗಳೆ ಇಲ್ಲ. ಅವರ ಡ್ರೈವರ್ ಕರ್ನಲ್ ಜೊತೆಯಲ್ಲೇ ಬರುತ್ತದೆ. ಹೊಸದಾಗಿ ಕಾರ್ಡ್ ಕೊಳ್ಳುವವರು ಕೇಳಿದರೆ ನಾನು ಎಎಂಡಿ ಅಂತಲೇ ಹೇಳುವುದು. ಅದರಲ್ಲೂ ಒಂದು ಕೊಕ್ಕೆ ಇದೆ, ಮುಂದಿನ ಉತ್ತರ ನೋಡಿ.

ಪ್ರಶ್ನೆ: ಎಎಂಡಿ ಕಾರ್ಡ್, 4ಕೆ ಟಿವಿ, ಎಚ್‌ಡಿಎಂಐ ಕೇಬಲ್. ವಿಂಡೋಸಿನಲ್ಲಿ 120 ಹರ್ಟ್ಸ್ ಪೂರ್ತಿ ಬಣ್ಣದಲ್ಲಿ ಬರುತ್ತಿತ್ತು. ಲಿನಕ್ಸಿನಲ್ಲಿ ಬರುತ್ತಿಲ್ಲ.
— ಸೋಫಾ ಆಟಗಾರ

ಉತ್ತರ: ಕೇಬಲ್ ಬದಲಿಸಬೇಡಿ, ದುಡ್ಡು ದಂಡ. 4ಕೆಯಲ್ಲಿ ಪೂರ್ತಿ ಬಣ್ಣದ 120 ಹರ್ಟ್ಸ್‌ಗೆ ಬೇಕಾದ ಎಚ್‌ಡಿಎಂಐ 2.1ರ ವಿವರಗಳು ಗುಟ್ಟಿನವು. ಅದನ್ನು ತೆರೆದ ಡ್ರೈವರಿನಲ್ಲಿ ಸೇರಿಸಲು ಎಎಂಡಿ ಸಿದ್ಧವಿತ್ತು, ಆ ಮಾನದಂಡ ನೋಡಿಕೊಳ್ಳುವ ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ ಎಂದು 2024ರಲ್ಲಿ ಗೊತ್ತಾಯಿತು. ಕಾರ್ಡಿನ ಡಿಸ್‌ಪ್ಲೇಪೋರ್ಟಿಗೆ ಇಂಥ ಅಡ್ಡಿ ಇಲ್ಲ. ಮಾನಿಟರ್ ಆಗಿದ್ದರೆ ಅದನ್ನೇ ಬಳಸಿ. ಟಿವಿಗಳಲ್ಲಿ ಆ ಪೋರ್ಟ್ ಇರುವುದು ಅಪರೂಪ, ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ತಿರುಗಿಸುವ ಆ್ಯಕ್ಟಿವ್ ಅಡಾಪ್ಟರ್ ಹಾಕಿ ನೋಡಬಹುದು. ಎಲ್ಲ ಅಡಾಪ್ಟರೂ ಎಲ್ಲ ಟಿವಿಗೂ ಒಗ್ಗುವುದಿಲ್ಲ, ವಾಪಸ್ ತೆಗೆದುಕೊಳ್ಳುವ ಕಡೆ ಕೊಳ್ಳಿ.

ಪ್ರಶ್ನೆ: ಲಿನಕ್ಸಿನಲ್ಲಿ ಕನ್ನಡ ಟೈಪ್?
— ಚಿಕ್ಕ ಪ್ರಶ್ನೆ

ಉತ್ತರ: ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಹಾಕಿ, ಅದರಲ್ಲಿ ಎಂ17ಎನ್ ಪಟ್ಟಿಯ ಕನ್ನಡ ಕಗಪ ಸೇರಿಸಿ. ಈ ಅಂಕಣ ಟೈಪ್ ಆಗುವುದು ಅದರಲ್ಲೇ.

ಪ್ರಶ್ನೆ: ಗೇಮಿಂಗ್ ಲ್ಯಾಪ್‌ಟಾಪ್, ಒಳ್ಳೇ ಕಾರ್ಡ್. ಲಿನಕ್ಸಿನಲ್ಲಿ ಗೇಮ್ ಜಾಸ್ತಿ ವೇಗ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅರ್ಧದಷ್ಟೂ ಎಫ್‌ಪಿಎಸ್ ಇಲ್ಲ. ಜೊತೆಗೆ ಪ್ರತಿ ಸಲ ‘ವಲ್ಕನ್ ಶೇಡರ್ ಪ್ರೊಸೆಸಿಂಗ್’ ಅಂತ ಕಾಯಿಸುತ್ತದೆ.
— ಮೋಸಹೋದವನು

ಉತ್ತರ: ‘ಎಲ್ಲರೂ’ ಹೇಳುವುದು ಅರ್ಧ ಸತ್ಯ. ಕೆಲವು ಗೇಮ್‌ಗಳು ಲಿನಕ್ಸಿನಲ್ಲಿ ಮುಂದೆ, ಕೆಲವು ಹಿಂದೆ, ಬೆಳಕು ನೆರಳನ್ನು ನಿಜದಂತೆ ತೋರಿಸುವ ರೇ ಟ್ರೇಸಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ಹಿಂದೆ. ಆದರೆ ಅರ್ಧಕ್ಕೆ ಇಳಿಯುವುದು ಮಾತ್ರ ಸರಿಯಲ್ಲ.

ನನ್ನ ಅನುಮಾನ ಇದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಇವೆ, ಪ್ರೊಸೆಸರಿನ ಒಳಗಿನದೊಂದು, ಎನ್‌ವಿಡಿಯಾದ್ದೊಂದು. ಗೇಮ್ ಮೊದಲನೆಯದರ ಮೇಲೆ ಓಡುತ್ತಿರಬೇಕು. ‘ಮ್ಯಾಂಗೋಹಡ್’ ಹಾಕಿ. ಗೇಮ್ ಓಡುವಾಗ ಎಫ್‌ಪಿಎಸ್, ಫ್ರೇಮ್ ಸಮಯದ ಗೆರೆ, ಯಾವ ಕಾರ್ಡ್ ಎಷ್ಟು ದುಡಿಯುತ್ತಿದೆ ಎಲ್ಲವನ್ನೂ ಪರದೆಯ ಮೂಲೆಯಲ್ಲಿ ತೋರಿಸುತ್ತದೆ. ಅಲ್ಲಿ ಎನ್‌ವಿಡಿಯಾ ಹೆಸರು ಇಲ್ಲದಿದ್ದರೆ ಉತ್ತರ ಸಿಕ್ಕಿತು. ಮೆನುವಿನಲ್ಲಿ ಸ್ಟೀಮ್ ಮೇಲೆ ಬಲ ಕ್ಲಿಕ್ ಮಾಡಿ, ಎನ್‌ವಿಡಿಯಾ ಕಾರ್ಡಿನಲ್ಲಿ ತೆರೆಯುವ ಆಯ್ಕೆ ಇರುತ್ತದೆ. ಅಳೆಯದೆ ದೂರುವುದು ಬೇಡ. ನನಗೆ ಎಫ್‌ಪಿಎಸ್ ಅಂಕಿಗಿಂತ ಆ ಫ್ರೇಮ್ ಸಮಯದ ಗೆರೆ ಮುಖ್ಯ. ಅದು ಸಮವಾಗಿದ್ದರೆ 60ರಲ್ಲೂ ಆಟ ಹಾಯಾಗಿರುತ್ತದೆ, ಜಿಗಿಯುತ್ತಿದ್ದರೆ 140 ಇದ್ದರೂ ಕಣ್ಣಿಗೆ ಹಿಂಸೆ.

ಶೇಡರ್ ಕಾಯುವುದರ ಬಗ್ಗೆ: ಕಾರ್ಡಿಗೆ ಬೇಕಾದ ಚಿಕ್ಕ ಪ್ರೋಗ್ರಾಮುಗಳನ್ನು ಮೊದಲೇ ಸಿದ್ಧಮಾಡಿಟ್ಟರೆ ಆಟದ ಮಧ್ಯೆ ತಡವರಿಸುವುದಿಲ್ಲ, ಅದಕ್ಕೇ ಆ ಕೆಲಸ. 2022ರಲ್ಲಿ ಬಂದ ಡಿಎಕ್ಸ್‌ವಿಕೆ 2.0 ಆದಮೇಲೆ ಹೊಸ ಡ್ರೈವರ್ ಇರುವವರಿಗೆ ಅದರ ಅಗತ್ಯ ಕಡಿಮೆಯಾಗಿದೆ. ‘ಸ್ಕಿಪ್’ ಒತ್ತಿ ಆಡಿ ನೋಡಿ. ತಡವರಿಸಿದರೆ ಮಾತ್ರ ಮುಂದಿನ ಸಲ ಕಾಯಿರಿ.

ಒಂದು ಸ್ವಾರ್ಥದ ಮಾತು. ನಾನು ಜಾಸ್ತಿ ಆಡುವುದು ಫ್ಯಾಕ್ಟೋರಿಯೋ. ಅದಕ್ಕೆ ಲಿನಕ್ಸ್ ಆವೃತ್ತಿ ಇದೆ. ಕಾರ್ಖಾನೆ ದೊಡ್ಡದಾದಂತೆ ಆಟೋಸೇವ್ ಆಗುವಾಗ ವಿಂಡೋಸಿನಲ್ಲಿ ಆಟ ನಿಂತು ನಿಂತು ಹೋಗುತ್ತದೆ. ಲಿನಕ್ಸಿನಲ್ಲಿ ಆಟ ನಿಲ್ಲದೆ ಸೇವ್ ಆಗುವ ಸೆಟ್ಟಿಂಗ್ ಇದೆ, ವಿಂಡೋಸಿನಲ್ಲಿ ಇಲ್ಲ. ನನಗೆ ಇಷ್ಟು ಸಾಕು. ನಿಮಗೆ ಸಾಲದಿರಬಹುದು.

ಪ್ರಶ್ನೆ: ಕಂಟ್ರೋಲರ್, ಸ್ಟೀರಿಂಗ್ ವ್ಹೀಲ್ ಎಲ್ಲ ನಡೆಯುತ್ತದಾ?
— ರೇಸ್ ಹುಚ್ಚ

ಉತ್ತರ: ಎಕ್ಸ್‌ಬಾಕ್ಸ್ ಕಂಟ್ರೋಲರನ್ನು ತಂತಿಯಲ್ಲಿ ಚುಚ್ಚಿದರೆ ತಕ್ಷಣ ನಡೆಯುತ್ತದೆ. ಅದರ ವೈರ್‌ಲೆಸ್ ಡಾಂಗಲ್‌ಗೆ ‘ಎಕ್ಸ್‌ಒನ್’ ಎಂಬ ಡ್ರೈವರನ್ನು ಬೇರೆಯಾಗಿ ಹಾಕಬೇಕು. ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್‌ಗೆ ಸೋನಿಯೇ 2021ರಲ್ಲಿ ಕರ್ನಲ್ಲಿಗೆ ಡ್ರೈವರ್ ಕೊಟ್ಟಿದೆ, ಬ್ಲೂಟೂತಿನಲ್ಲೂ ನಡೆಯುತ್ತದೆ. ಲಾಜಿಟೆಕ್ ಜಿ29 ವ್ಹೀಲ್ ಫೋರ್ಸ್ ಫೀಡ್‌ಬ್ಯಾಕ್ ಸಮೇತ ನಡೆಯುತ್ತದೆ. ತಿರುಗುವ ಕೋನ ಹೊಂದಿಸಲು ‘ಓವರ್‌ಸ್ಟೀರ್’ ಆ್ಯಪ್ ಇದೆ. ಬೇರೆ ಕಂಪನಿಯ ವ್ಹೀಲ್ ಕೊಳ್ಳುವುದಾದರೆ ಮಾಡೆಲ್ ಸಂಖ್ಯೆ ಹಾಕಿ ಹುಡುಕಿ ಆಮೇಲೆ ಕೊಳ್ಳಿ, ಬಟನ್ ನಡೆದು ಫೋರ್ಸ್ ಫೀಡ್‌ಬ್ಯಾಕ್ ನಡೆಯದ ವ್ಹೀಲ್‌ಗಳೂ ಇವೆ.